ಕಮ್ಮಿ ಸಂಬಳ, ನಾಣ್ಯದ ಹುಚ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ಪತ್ತಿನ ಸಹಕಾರ ಸಂಘದ ಕ್ಯಾಶ್ ಕೌಂಟರಿನಲ್ಲಿ ಕೂರುವವನು. ನಾಣ್ಯ ಕೂಡಿಡಲು ಶುರು ಮಾಡಿ 19 ವರ್ಷ ಆಯಿತು. ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಹೆಚ್ಚು ಕಮ್ಮಿ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೆ ಹೋಗಿ.

## ಈಗ ಶುರು ಮಾಡುವವರಿಗೆ

ಸಾರ್, ಇದು ದುಡ್ಡಿದ್ದೋರ ಹವ್ಯಾಸ ಅಲ್ವಾ? ನನ್ನ ಸಂಬಳ ಹದಿನೆಂಟು ಸಾವಿರ. ನನಗೆ ಆಗುತ್ತಾ?

ಆಗುತ್ತದೆ, ಆದರೆ ಎಲ್ಲವೂ ಬೇಕು ಅನ್ನುವುದನ್ನು ಬಿಡಬೇಕು. ನನ್ನ ಮೊದಲ ವರ್ಷದ ನೋಟ್‌ಬುಕ್ ಇನ್ನೂ ಇದೆ. ಆ ವರ್ಷ 84 ನಾಣ್ಯ ಕೊಂಡಿದ್ದೆ. ಹೈದರಾಬಾದ್ ನಿಜಾಮರದ್ದು ನಾಲ್ಕು, ಸಿಂಗಾಪುರದ್ದು ಎರಡು, ತಿರುವಾಂಕೂರಿನದ್ದು ಒಂದು, ಯಾವ ದೇಶದ್ದೆಂದೇ ತಿಳಿಯದವು ಹತ್ತು ಹನ್ನೆರಡು. ಒಂದೊಂದೂ ಐವತ್ತು, ನೂರು, ನೂರೈವತ್ತು. ಅಷ್ಟೇ ತಾನೇ ಅನ್ನಿಸುತ್ತಿತ್ತು. ವರ್ಷದ ಕೊನೆಗೆ ಕೂಡಿಸಿದರೆ ಒಂಬತ್ತು ಸಾವಿರ ದಾಟಿತ್ತು. ಅದರಲ್ಲಿ ಇವತ್ತು ನನ್ನ ಹತ್ತಿರ ಉಳಿದಿರುವುದು ಆರು ನಾಣ್ಯ.

ಕಮ್ಮಿ ಸಂಬಳದವರನ್ನು ಮುಳುಗಿಸುವುದು ದುಬಾರಿ ನಾಣ್ಯ ಅಲ್ಲ. ದುಬಾರಿ ನಾಣ್ಯವನ್ನು ನಾವು ಹೇಗಿದ್ದರೂ ಕೊಳ್ಳುವುದಿಲ್ಲ! ಮುಳುಗಿಸುವುದು ಸಣ್ಣ ಸಣ್ಣ ಬೇಡದ ಖರೀದಿ. ಒಂದೇ ಒಂದು ಗೆರೆ ಹಿಡಿಯಿರಿ: ಒಬ್ಬ ರಾಜ, ಒಂದು ಲೋಹ, ಒಂದು ಟಂಕಸಾಲೆ, ಅಥವಾ ನೀವು ಹುಟ್ಟಿದ ವರ್ಷ. ಉಳಿದದ್ದನ್ನು ನೋಡಿ ಖುಷಿಪಡಿ, ಜೇಬಿಗೆ ಕೈ ಹಾಕಬೇಡಿ.

ತಿಂಗಳಿಗೆ ಎಷ್ಟು ಎತ್ತಿಡಬೇಕು?

ಇಷ್ಟೇ ಎಂದು ಹೇಳಲಾರೆ. ನನ್ನದು 600 ರೂಪಾಯಿ. ಸಂಬಳ ಬಂದ ದಿನವೇ ಹಾರ್ಲಿಕ್ಸ್ ಡಬ್ಬಿಗೆ ಹೋಗುತ್ತದೆ. ಮೂರು ತಿಂಗಳು ಡಬ್ಬಿ ತೆಗೆಯುವುದಿಲ್ಲ. ನಾಲ್ಕನೇ ತಿಂಗಳು 1,800 ಇರುತ್ತದೆ, ಆಗ ಒಂದೇ ಒಂದು ಒಳ್ಳೆಯ ನಾಣ್ಯ. ತಿಂಗಳಿಗೆ 600ರಂತೆ ಮೂರು ಸಲ ಕೊಂಡರೆ ಸಿಗುವುದು ಮೂರು ಸವೆದ ಬಿಲ್ಲೆ. ಅದೇ ದುಡ್ಡಿಗೆ ಅಕ್ಷರ, ಇಸವಿ, ಮುಖ ಎಲ್ಲ ಸ್ಪಷ್ಟವಾಗಿರುವ ಒಂದು ನಾಣ್ಯ ಬಂದರೆ ಅದನ್ನು ಮುಂದೆ ಬದಲಾಯಿಸುವ ಪ್ರಮೇಯವೇ ಇರುವುದಿಲ್ಲ. ಡಬ್ಬಿಯಲ್ಲಿ ಹಣ ಇದೆ ಎಂಬ ಕಾರಣಕ್ಕೇ ಕೊಳ್ಳಬೇಕಾಗಿಯೂ ಇಲ್ಲ.

ಒಂದು ಪೈಸೆಯೂ ಖರ್ಚಿಲ್ಲದೆ ಶುರು ಮಾಡೋಕಾಗುತ್ತಾ?

ಖಂಡಿತ. ನಿಮ್ಮ ಜೇಬಿನ ಚಿಲ್ಲರೆಯಿಂದಲೇ ಶುರು ಮಾಡಿ. ಯಾವ ಟಂಕಸಾಲೆಯಲ್ಲಿ ಅಚ್ಚಾದದ್ದು ಎಂದು ತಿಳಿಯಲು ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ. ಸಣ್ಣ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಗುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದು ರೂಪಾಯಿಯನ್ನೇ ವರ್ಷವಾರು, ಟಂಕಸಾಲೆವಾರು ಜೋಡಿಸುತ್ತಾ ಹೋದರೆ ಒಂದೆರಡು ವರ್ಷ ಆರಾಮಾಗಿ ಕಳೆಯುತ್ತದೆ. ಖರ್ಚು? ಒಂದು ರೂಪಾಯಿಗೆ ಒಂದು ರೂಪಾಯಿ. ಬೇಜಾರಾದರೆ ವಾಪಸ್ ಕೊಟ್ಟು ಟೀ ಕುಡಿಯಬಹುದು.

ಹತ್ತು ರೂಪಾಯಿ ನಾಣ್ಯವಂತೂ ನಮ್ಮಂಥವರಿಗೆ ಹಬ್ಬ. ನಮ್ಮ ಕಡೆ ಎಷ್ಟೋ ಅಂಗಡಿಯವರು, ಬಸ್ ಕಂಡಕ್ಟರ್‌ಗಳು ಅದನ್ನು ಮುಟ್ಟುವುದೇ ಇಲ್ಲ. ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ, ಆದರೂ ಅನುಮಾನ ಹೋಗಿಲ್ಲ. "ನಂಗೆ ಕೊಡಿ, ನೋಟು ಕೊಡ್ತೀನಿ" ಅಂದರೆ ಸಂತೋಷದಿಂದ ಸುರಿಯುತ್ತಾರೆ. ಕನ್ನಡದವರು 2006ರಲ್ಲಿ ಬಂದ ಬಸವಣ್ಣನವರ ಐದು ರೂಪಾಯಿ ನಾಣ್ಯವನ್ನೂ ಹುಡುಕಿ. ನನಗೆ ಅದು ಸಿಕ್ಕಿದ್ದು ನಮ್ಮ ಕೌಂಟರಿನಲ್ಲೇ, ಒಬ್ಬ ಅಜ್ಜಿ ಪಿಗ್ಮಿ ಕಟ್ಟಲು ತಂದ ಚಿಲ್ಲರೆಯಲ್ಲಿ. ಅವರೆದುರೇ ನನ್ನ ಜೇಬಿನಿಂದ ಐದು ರೂಪಾಯಿ ಹಾಕಿ ಎತ್ತಿಕೊಂಡೆ.

ನನ್ನತ್ರ ವೈಷ್ಣೋದೇವಿ ನಾಣ್ಯ ಇದೆ. ಹತ್ತು ಲಕ್ಷ ಕೊಡ್ತಾರಂತೆ, ಯಾರಿಗೆ ಮಾರಲಿ?

ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಯಾರೂ ಕೊಡುವುದಿಲ್ಲ. ಅದು 2012ರಲ್ಲಿ ಐದು ಮತ್ತು ಹತ್ತು ರೂಪಾಯಿಯಲ್ಲಿ ಚಲಾವಣೆಗೇ ಬಂದ ನಾಣ್ಯ. ಈ ಮೋಸ ನಡೆಯುವ ರೀತಿ ಕೇಳಿ. ಫೋಟೋ ಕಳಿಸಿ ಅನ್ನುತ್ತಾರೆ. ಕಳಿಸಿದ ಹತ್ತು ನಿಮಿಷಕ್ಕೆ "ನಿಮ್ಮ ನಾಣ್ಯ ಪಾಸಾಗಿದೆ" ಅನ್ನುತ್ತಾರೆ. ಆಮೇಲೆ ನೋಂದಣಿ ಶುಲ್ಕ 1,500, ಜಿಎಸ್‌ಟಿ ಇಷ್ಟು, ರಿಸರ್ವ್ ಬ್ಯಾಂಕ್ ಕಮಿಷನ್ ಇಷ್ಟು ಅಂತ ಕೀಳುತ್ತಾ ಹೋಗುತ್ತಾರೆ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವೇ ಇಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ಮಾರುವವನ ಹತ್ತಿರ ದುಡ್ಡು ಕೇಳುತ್ತಾನೆ ಅಂದರೇನೇ ಅರ್ಥ ಆಗಬೇಕು.

ಇದರ ಜೊತೆಗೆ ಇನ್ನೊಂದಿದೆ. ಒಂದು ಕಡೆ ರಾಮನ ಪರಿವಾರವೋ ಹನುಮಂತನೋ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದಿರುವ ತಾಮ್ರದ ಬಿಲ್ಲೆ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ, ಕೋಟಿ ಬೆಲೆ ಎಂದೆಲ್ಲ ಹೇಳುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಹೊಡೆಸಿಯೇ ಇರಲಿಲ್ಲ.

ಅಜ್ಜಿ ಪೆಟ್ಟಿಗೇಲಿ ಹಳೇ ಕಾಸು ಸಿಕ್ಕಿವೆ, ಕಪ್ಪಾಗಿವೆ. ಹುಣಸೆಹಣ್ಣು ಹಾಕಿ ಉಜ್ಜಲಾ?

ಬೇಡ, ಬೇಡ, ಬೇಡ. ಹುಣಸೆಹಣ್ಣು, ನಿಂಬೆಹಣ್ಣು, ಸಬೀನ, ಟೂತ್‌ಪೇಸ್ಟ್ ಯಾವುದೂ ಬೇಡ. ದೇವರ ತಂಬಿಗೆಗೆ ಸರಿ, ನಾಣ್ಯಕ್ಕಲ್ಲ. ಆ ಕಪ್ಪು ನೂರು ವರ್ಷ ನಿಧಾನವಾಗಿ ಕೂತ ಬಣ್ಣ. ಅದನ್ನು ಉಜ್ಜಿದರೆ ಮೇಲಿನ ಪದರವೇ ಹೋಗಿ, ಭೂತಗನ್ನಡಿಯಲ್ಲಿ ನೋಡಿದರೆ ಸಾವಿರ ಗೀರು ಕಾಣುತ್ತವೆ. ತಿಳಿದವರು ಯಾರೂ ಅದಕ್ಕೆ ಪೂರ್ತಿ ಬೆಲೆ ಕೊಡುವುದಿಲ್ಲ. ಮಣ್ಣು ಮೆತ್ತಿದ್ದರೆ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತಿಕ್ಕಬೇಡಿ.

## ಕೊಳ್ಳುವ ಹೊತ್ತಿನ ಪ್ರಶ್ನೆಗಳು

ಕಮ್ಮಿ ರೇಟಿಗೆ ಎಲ್ಲಿ ಸಿಗುತ್ತೆ?

ಕಮ್ಮಿ ರೇಟಿನ ಜಾಗ ಅಂತ ಒಂದಿಲ್ಲ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಅಗ್ಗ, ಆದರೆ ನಕಲಿ ಜಾಸ್ತಿ. ನಾಣ್ಯ ಪ್ರದರ್ಶನಗಳಲ್ಲಿ ಹತ್ತಿಪ್ಪತ್ತು ವ್ಯಾಪಾರಿಗಳು ಒಂದೇ ಸೂರಿನಡಿ ಇರುತ್ತಾರೆ, ರೇಟು ಹೋಲಿಸಬಹುದು. ಕೊನೆಯ ದಿನ ಮಧ್ಯಾಹ್ನ ಹೋಗಿ. ಗಂಟು ಕಟ್ಟುವ ಹೊತ್ತಿಗೆ ವ್ಯಾಪಾರಿಗಳ ಮಾತು ಮೆತ್ತಗಾಗಿರುತ್ತದೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕಮಿಷನ್, ಜಿಎಸ್‌ಟಿ, ಅಂಚೆ ಖರ್ಚು ಸೇರುತ್ತವೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಂಡು ಕೂಗಿ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಅಗ್ಗದ ದಾರಿ ಅದಲುಬದಲು. ನನ್ನ ಹತ್ತಿರ ಎರಡಿದ್ದದ್ದು ಇನ್ನೊಬ್ಬರ ಹತ್ತಿರ ಇರುವುದಿಲ್ಲ. ಊರಿಗೆ ಇಬ್ಬರು ನಾಣ್ಯದ ಹುಚ್ಚರಾದರೂ ಇರುತ್ತಾರೆ, ಹುಡುಕಿಕೊಳ್ಳಿ.

ವಿಕ್ಟೋರಿಯಾ, ಜಾರ್ಜ್ ಬೆಳ್ಳಿ ರೂಪಾಯಿ ಅಸಲಿನಾ ನಕಲಿನಾ ಅಂತ ಮನೇಲೇ ನೋಡೋದು ಹೇಗೆ?

ಮೊದಲು ನಾನು ಮೋಸ ಹೋದ ಕಥೆ. ಒಂದು ಜಾತ್ರೆಯಲ್ಲಿ ಟವೆಲ್ ಹಾಸಿ ಕೂತಿದ್ದವನ ಹತ್ತಿರ 1939ರ ಜಾರ್ಜ್ ರೂಪಾಯಿ ಕಂಡಿತು. 1939ರ ರೂಪಾಯಿ ಅಪರೂಪ ಎಂದು ಅಷ್ಟೊತ್ತಿಗೆ ತಿಳಿದಿತ್ತು. ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು ಎಂದು ಒಳಗೊಳಗೇ ಹಿಗ್ಗಿದೆ. ನಾಲ್ಕು ತಿಂಗಳ ಡಬ್ಬಿ ಖಾಲಿ ಮಾಡಿ ತಂದೆ. ಮನೆಗೆ ಬಂದು ತೂಗಿದರೆ 9.8 ಗ್ರಾಂ. ಅವನಿಗೇ ಎಲ್ಲ ಗೊತ್ತಿತ್ತು.

ಆಮೇಲೆ ಒಂದು ಜೇಬು ತಕ್ಕಡಿ ತೆಗೆದುಕೊಂಡೆ, 0.01 ಗ್ರಾಂವರೆಗೆ ತೋರಿಸುವಂಥದ್ದು. ನಾನು ಮಾಡಿದ ಅತ್ಯುತ್ತಮ ಖರೀದಿ ಅದೇ. ಬ್ರಿಟಿಷ್ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಎಂಟಾಣೆ ಅದರ ಅರ್ಧ, 5.83. ನಾಲ್ಕಾಣೆ 2.92. ಸವೆದಿದ್ದರೆ ಸ್ವಲ್ಪ ಕಮ್ಮಿ ಬರಬಹುದು. ಆದರೆ ಅಕ್ಷರಗಳೆಲ್ಲ ಹೊಸದರಂತೆ ಇದ್ದು ತೂಕ ಕಮ್ಮಿ ಇದ್ದರೆ ಕೆಳಗಿಡಿ.

ಅಯಸ್ಕಾಂತ ಹಿಡಿಯಿರಿ, ಬೆಳ್ಳಿ ಅಂಟುವುದಿಲ್ಲ. ಇಲ್ಲೊಂದು ಮಾತು: 1947ರ ಹುಲಿಯ ಚಿತ್ರದ ರೂಪಾಯಿ ಅಂಟುತ್ತದೆ, ಆದರೂ ಅದು ಅಸಲಿಯೇ. ಅದು ನಿಕ್ಕಲ್. ಅದನ್ನು ಬೆಳ್ಳಿ ಎಂದು ಮಾರುವವರೂ ಇದ್ದಾರೆ. ಆಮೇಲೆ ಅಂಚು ನೋಡಿ. ಅಚ್ಚಿನಲ್ಲಿ ಹೊಯ್ದ ನಕಲಿಗಳಿಗೆ ಅಂಚಿನ ಸುತ್ತ ಬೆಸುಗೆಯಂಥ ಗೆರೆ ಇರುತ್ತದೆ, ಮೈಮೇಲೆ ಸೂಜಿ ಚುಚ್ಚಿದಂಥ ತೂತುಗಳಿರುತ್ತವೆ, ಅಕ್ಷರ ಸಾಬೂನಿನಲ್ಲಿ ಕೆತ್ತಿದಂತೆ ಮೊಂಡಾಗಿರುತ್ತವೆ. ಬೆಳ್ಳಿ ಅಂಗಡಿಗೆ ಒಯ್ದರೆ ಒರೆಗಲ್ಲಿಗೆ ಉಜ್ಜಲು ಮಾತ್ರ ಬಿಡಬೇಡಿ.

ಕಾಸಿನ ಸರಕ್ಕೆ ಕುಣಿಕೆ ಹಾಕಿಸಿ ತೆಗೆದ ಗುರುತೂ ಅಂಚಿನಲ್ಲೇ ಸಿಗುತ್ತದೆ. ಅಂಥದ್ದಕ್ಕೆ ಬೆಳ್ಳಿಯ ಬೆಲೆಗಿಂತ ಜಾಸ್ತಿ ಕೊಡಬೇಡಿ. ಆದರೆ ಬಡ ಸಂಗ್ರಾಹಕನಿಗೆ ಅದು ಒಳ್ಳೆಯ ಅವಕಾಶವೂ ಹೌದು. ಮುಖ ಚೆನ್ನಾಗಿದ್ದು ಅಂಚು ಮಾತ್ರ ಹಾಳಾಗಿದ್ದರೆ ಆಲ್ಬಮ್ಮಿನ ಖಾಲಿ ಜಾಗ ತುಂಬುತ್ತದೆ.

ಬೆಳ್ಳಿ ರೇಟು ಕೇಳಿದ್ರೆ ಎದೆ ಒಡೆಯುತ್ತೆ. ಬೆಳ್ಳಿ ಬಿಟ್ಟು ಏನಿದೆ?

ಬೇಕಾದಷ್ಟಿದೆ. 1943ರಿಂದ 1947ರವರೆಗಿನ ತೂತಿನ ಕಾಸು ನೋಡಿದ್ದೀರಾ? ಯುದ್ಧಕಾಲದಲ್ಲಿ ತಾಮ್ರ ಉಳಿಸಲು ನಡುವೆ ತೂತು ಹೊಡೆದು ಮಾಡಿದ್ದು. ನನ್ನ ಹತ್ತಿರ ಇರುವ ಒಂದನ್ನು ನಮ್ಮ ದೊಡ್ಡಪ್ಪನ ಉಡುದಾರಕ್ಕೆ ಕಟ್ಟಿದ್ದರಂತೆ, ತೂತಿನ ಒಂದು ಕಡೆ ದಾರ ತಿಂದು ನುಣುಪಾಗಿದೆ. 1950ರ ಆಣೆಗಳಿವೆ, ಒಂದು ಪೈಸೆಯ ಮೇಲೆ ಕುದುರೆ, ಒಂದಾಣೆಯ ಮೇಲೆ ಗೂಳಿ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗ ಶುರುವಾದ 'ನಯಾ ಪೈಸೆ' ಇದೆ. 1964ರಲ್ಲಿ 'ನಯಾ' ಬಿದ್ದುಹೋಯಿತು, ಅಂದರೆ ಇಡೀ ಸರಣಿ ಏಳೆಂಟು ವರ್ಷದ್ದು ಮಾತ್ರ, ಮುಗಿಸಬಹುದಾದಂಥದ್ದು. 1968ರಿಂದ 71ರವರೆಗಿನ ಕಮಲದ 20 ಪೈಸೆ ಇದೆ. ಚಿನ್ನ ಬೆರೆತಿದೆ ಎಂಬ ಗಾಳಿಸುದ್ದಿ ನಂಬಿ ನಮ್ಮೂರಲ್ಲೂ ಅದನ್ನು ಕರಗಿಸಲು ಹೋದವರಿದ್ದರು. ಅದರಲ್ಲಿ ಚಿನ್ನ ಇಲ್ಲ.

ಬೆಳ್ಳಿಯೇ ಬೇಕೆಂದರೆ ಎರಡಾಣೆ, ನಾಲ್ಕಾಣೆಯ ಕಡೆ ಹೋಗಿ. ರಾಜ ಅವನೇ, ಲೋಹ ಕಮ್ಮಿ. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ, ಅದಕ್ಕಿಂತ ಹಿಂದಿನವುಗಳಲ್ಲಿ ನೂರಕ್ಕೆ 91.7. ಇದು ಗೊತ್ತಿಲ್ಲದೆ ಎರಡಕ್ಕೂ ಒಂದೇ ಬೆಲೆ ಕೊಟ್ಟು ಬರುವವರನ್ನು ನೋಡಿದ್ದೇನೆ.

ಇಷ್ಟವಾದದ್ದು ಸಿಕ್ಕಿದೆ, ದುಡ್ಡಿಲ್ಲ. ಕ್ರೆಡಿಟ್ ಕಾರ್ಡಲ್ಲಿ ತಗೊಳ್ಲಾ?

ಬೇಡ. ಕಂತಿನಲ್ಲಿ ಫ್ರಿಜ್ ಕೊಳ್ಳಬಹುದು, ನಾಣ್ಯವನ್ನಲ್ಲ. ಪರಿಚಯದ ವ್ಯಾಪಾರಿಯಾದರೆ ಸ್ವಲ್ಪ ಮುಂಗಡ ಕೊಟ್ಟು ಎರಡು ತಿಂಗಳು ಎತ್ತಿಡಲು ಕೇಳಿ. ಬಡ್ಡಿ ಇರುವುದಿಲ್ಲ. ಒಪ್ಪದಿದ್ದರೆ ಬಿಟ್ಟುಬಿಡಿ. ಅಚ್ಚಿನಲ್ಲಿ ಲಕ್ಷಗಟ್ಟಲೆ ಹೊಡೆದದ್ದು, ಇನ್ನೊಂದು ಬರುತ್ತದೆ.

ಮನೆಯವಳಿಗೆ ಗೊತ್ತಾಗದ ಹಾಗೆ ಹೇಗೆ ಮಾಡ್ತೀರಾ?

ಮಾಡಿದ್ದೆ, ಒಂದೂವರೆ ವರ್ಷ. ನಾಣ್ಯಗಳನ್ನು ಹಳೇ ಲೆಡ್ಜರುಗಳ ಹಿಂದೆ ಇಡುತ್ತಿದ್ದೆ. ಯುಗಾದಿಗೆ ಅಟ್ಟ ಗುಡಿಸುವಾಗ ನನ್ನ ಹೆಂಡತಿಗೆ ಡಬ್ಬಿ ಸಿಕ್ಕಿತು. ಜಗಳ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅವಳು ನೋಟ್‌ಬುಕ್ ತೆಗೆದು ಒಂದೊಂದೇ ಸಾಲು ಓದಿ, "ಇದರಲ್ಲಿ ನಿಜವಾಗಿ ಬೇಕಿದ್ದದ್ದು ಎಷ್ಟು ಅಂತ ಟಿಕ್ ಹಾಕಿ" ಅಂದಳು. ನಲವತ್ತೇಳು ಸಾಲಿನಲ್ಲಿ ಹನ್ನೊಂದಕ್ಕೆ ಟಿಕ್ ಬಿತ್ತು. ಅವತ್ತಿನಿಂದ 600ರ ಲೆಕ್ಕ ಶುರುವಾಯಿತು. ಅವಳಿಗೂ 600 ಎತ್ತಿಡುವುದು ಎಂದಾಯಿತು, ಅದಕ್ಕೆ ಅವಳು ಲೆಕ್ಕ ಕೊಡಬೇಕಿಲ್ಲ. ಕದ್ದುಮುಚ್ಚಿ ಮಾಡುವಾಗ ಅವಸರದಲ್ಲಿ ಕೊಳ್ಳುತ್ತಿದ್ದೆ. ಈಗ ಕೊಳ್ಳುವ ಮುಂಚೆ ಅವಳಿಗೆ ಫೋಟೋ ತೋರಿಸುತ್ತೇನೆ. ಅರ್ಧಕ್ಕರ್ಧ ಅಲ್ಲೇ ಬಿದ್ದುಹೋಗುತ್ತವೆ.

## ಸ್ವಲ್ಪ ಮುಂದೆ ಹೋದವರಿಗೆ

ಟಿಪ್ಪು, ಮೈಸೂರು ಒಡೆಯರ ನಾಣ್ಯದ ಆಸೆ. ನಮ್ಮಂಥವರ ಕೈಗೆ ಸಿಗುತ್ತಾ?

ಚಿನ್ನ, ಬೆಳ್ಳಿ ಬಿಡಿ. ತಾಮ್ರ ಸಿಗುತ್ತದೆ, ನನ್ನ ಪಾಲಿಗೆ ತಾಮ್ರದಲ್ಲೇ ಮಜಾ ಜಾಸ್ತಿ. ಟಿಪ್ಪುವಿನ ಆನೆ ಪೈಸೆಯನ್ನು ಅಂಗೈಯಲ್ಲಿಟ್ಟು ನೋಡಿ. ದಪ್ಪ ಬಿಲ್ಲೆ, ಸುಮಾರು 11 ಗ್ರಾಂ. ಒಂದು ಕಡೆ ಆನೆ, ಕೆಲವದರಲ್ಲಿ ಎಡಕ್ಕೆ ನಡೆಯುತ್ತದೆ, ಕೆಲವದರಲ್ಲಿ ಬಲಕ್ಕೆ. ಕೊನೆಯ ವರ್ಷಗಳದ್ದರಲ್ಲಿ ಆನೆಯ ಮೇಲೊಂದು ಅಕ್ಷರ. ಇನ್ನೊಂದು ಕಡೆ ಟಂಕಸಾಲೆಯ ಹೆಸರು: ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಅಂದರೆ ಚಿತ್ರದುರ್ಗ. ನಾಣ್ಯಗಳಿಗೆ ಗ್ರಹ, ನಕ್ಷತ್ರದ ಹೆಸರಿಟ್ಟಿದ್ದ. ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್ ಅಂದರೆ ನಕ್ಷತ್ರ. ಆಮೇಲಿನವುಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಗೊತ್ತಿಲ್ಲದ ವ್ಯಾಪಾರಿ ತಪ್ಪು ಇಸವಿ ಹೇಳುತ್ತಾನೆ. ಸುಮ್ಮನೆ ತಲೆಯಾಡಿಸಿ ಕೊಂಡು ಬನ್ನಿ.

ಇವುಗಳ ಬಗ್ಗೆ ಹೆಂಡರ್ಸನ್ ಎಂಬುವರು ಮಾಡಿದ ಪಟ್ಟಿ 1921ರಲ್ಲಿ ಮದರಾಸಿನಲ್ಲಿ ಅಚ್ಚಾಗಿದೆ. ಅಷ್ಟು ಹಳೆಯದಾದ್ದರಿಂದ ಪುಕ್ಕಟೆ ಓದಲು ಸಿಗುತ್ತದೆ. ಮೊದಲು ಅದನ್ನು ಓದಿ, ಆಮೇಲೆ ಕೊಳ್ಳಿ.

ಟಿಪ್ಪು ನಾಣ್ಯದ ಪರ್ಷಿಯನ್ ಬರಹ ಓದುವುದು ಕಷ್ಟ ಎಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಿವೆ. ಆನೆ, ಅದರ ಮೇಲೆ 'ಶ್ರೀ', ಸೂರ್ಯ ಚಂದ್ರ. ಕೆಲವದರಲ್ಲಿ 'ಚಾಮುಂಡಿ', 'ಮಯಿಲಿ ಕಾಸು 20' ಎಂದು ಕನ್ನಡದಲ್ಲೇ ಇದೆ. ದೆಹಲಿಯ ಸಂಗ್ರಾಹಕ ಇದನ್ನು ಓದಲು ಕಷ್ಟಪಡಬೇಕು, ನಾವು ಒಂದನೇ ಕ್ಲಾಸಿನಲ್ಲೇ ಕಲಿತಿದ್ದೇವೆ. ಸವೆದು ಅರ್ಧ ಅಕ್ಷರ ಮಾತ್ರ ಉಳಿದಿದ್ದರೂ ಗುರುತು ಹಿಡಿಯಬಹುದು. ಹೊರ ರಾಜ್ಯದ ವ್ಯಾಪಾರಿಗಳ 'ಗೊತ್ತಿಲ್ಲದ ತಾಮ್ರ' ಎಂಬ ರಾಶಿಯಿಂದ ನಾನು ಹೀಗೆ ಆರಿಸಿದವು ಐದು. ಒಂದರಲ್ಲಿ 'ಕಾಸು' ಪದದ 'ಸು' ಮಾತ್ರ ಉಳಿದಿತ್ತು.

ವಿಜಯನಗರದ ವರಾಹ, ಹೊಯ್ಸಳರ ಚಿನ್ನ?

ವರಾಹ ಸುಮಾರು 3.4 ಗ್ರಾಂ ಚಿನ್ನ. ಲೋಹದ ಬೆಲೆಯೇ ನಮ್ಮ ತಿಂಗಳ ಸಂಬಳ ನುಂಗುತ್ತದೆ, ಮೇಲೆ ಹಳತನದ ಬೆಲೆ ಬೇರೆ. ನಾನಂತೂ ಆಸೆ ಬಿಟ್ಟಿದ್ದೇನೆ. ವಿಜಯನಗರದ ಜೀತಲ್ ಎಂಬ ತಾಮ್ರದ ನಾಣ್ಯಗಳು ಸಿಗುತ್ತವೆ, ಅಷ್ಟು ಸಾಕು. ಚಿನ್ನವನ್ನು ಸಂಗ್ರಹಾಲಯದಲ್ಲಿ ನೋಡುತ್ತೇನೆ. ಉಡುಪಿಯಲ್ಲಿ ಹಳೆಯ ಕಾರ್ಪೊರೇಷನ್ ಬ್ಯಾಂಕ್ ಮಾಡಿದ ನಾಣ್ಯ ಸಂಗ್ರಹಾಲಯ ಇದೆ. ಕೃಷ್ಣ ಮಠಕ್ಕೆ ಹೋದಾಗ ಅರ್ಧ ದಿನ ಇಟ್ಟುಕೊಳ್ಳಿ. ವಿಷ್ಣುವರ್ಧನನ ಚಿನ್ನದ ಮೇಲೆ 'ಶ್ರೀ ತಳಕಾಡುಗೊಂಡ' ಎಂದು ಕನ್ನಡದಲ್ಲಿ ಬರೆದಿರುವುದನ್ನು ಫೋಟೋದಲ್ಲಾದರೂ ಒಮ್ಮೆ ಓದಿ ನೋಡಿ.

ದುಬಾರಿ ಆಲ್ಬಮ್ ಬೇಕೇಬೇಕಾ?

ಬೇಕಿಲ್ಲ. ಆದರೆ ತೀರಾ ಅಗ್ಗದ್ದು ಬೇಡ. ಮೆತ್ತಗೆ, ಹೊಸ ರೈನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಅಂದರೆ ಪಿವಿಸಿ. ಎರಡು ಮೂರು ಮಳೆಗಾಲದಲ್ಲಿ ತಾಮ್ರಕ್ಕೆ ಹಸಿರು ಲೋಳೆ ಹತ್ತಿಸುತ್ತದೆ. ನಡುವೆ ತೆಳು ಹಾಳೆಯ ಕಿಟಕಿ ಇರುವ ರಟ್ಟಿನ ಚೌಕಗಳು ಸಿಗುತ್ತವೆ, ಮಡಚಿ ಸ್ಟೇಪ್ಲರ್ ಹೊಡೆದರಾಯಿತು. ಕೊಂಡ ದಿನ, ಬೆಲೆ, ತೂಕ ಅದರ ಮೇಲೇ ಬರೆಯಿರಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಚೀಲ ಎಸೆಯದೆ ನಾಣ್ಯದ ಡಬ್ಬಿಗೆ ಹಾಕಿ. ಮಲೆನಾಡಿನವರು, ಕರಾವಳಿಯವರು ಎರಡು ಹಾಕಿ.

ಟಂಕಸಾಲೆಯಿಂದ ಬರೋ ಹೊಸ ಸ್ಮರಣಾರ್ಥ ನಾಣ್ಯ ತಗೊಂಡಿಟ್ರೆ ಮುಂದೆ ಲಾಭ ಬರುತ್ತಾ?

ತಂಜಾವೂರಿನ ಬೃಹದೀಶ್ವರ ದೇವಸ್ಥಾನಕ್ಕೆ ಸಾವಿರ ವರ್ಷವಾದದ್ದಕ್ಕೆ ಬಂದ 1,000 ರೂಪಾಯಿ ನಾಣ್ಯದಂಥವು ಚೆಂದವೇ. ಆದರೆ ಮಾರುವ ಬೆಲೆ ಒಳಗಿನ ಲೋಹಕ್ಕಿಂತ ಜಾಸ್ತಿ ಇರುತ್ತದೆ, ನಿಮ್ಮಂತೆಯೇ ಎಲ್ಲರೂ ಡಬ್ಬಿ ಸಮೇತ ಜೋಪಾನವಾಗಿ ಎತ್ತಿಟ್ಟಿರುತ್ತಾರೆ. ಇಷ್ಟವಾದರೆ ಕೊಳ್ಳಿ. ಲಾಭಕ್ಕಾದರೆ ಆರ್‌ಡಿ ಕಟ್ಟಿ.

ಹಳೇ 500, 1000 ನೋಟು ಇಟ್ಕೊಂಡ್ರೆ ಕೇಸ್ ಆಗುತ್ತಾ?

2017ರ ಕಾಯ್ದೆ ಪ್ರಕಾರ ಎರಡೂ ಸೇರಿ ಹತ್ತಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ, ನಾಣ್ಯ ಸಂಗ್ರಹಕ್ಕಾದರೆ 25ರವರೆಗೆ ಇಡಬಹುದು. ನಾಣ್ಯಗಳಿಗೆ ಆ ತೊಂದರೆ ಇಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡರೂ ಎಷ್ಟಾದರೂ ಇಡಬಹುದು.

ಹೊಲ ಉಳುವಾಗ ಸಿಕ್ಕಿದ್ದು, ಕಮ್ಮಿಗೆ ಕೊಡ್ತೀನಿ ಅಂತಾರೆ. ತಗೊಳ್ಲಾ?

ಹತ್ತರಲ್ಲಿ ಒಂಬತ್ತು ಸಲ ಅದು ಸುಳ್ಳು, ನಕಲಿಗೆ ಮಣ್ಣು ಮೆತ್ತಿರುತ್ತಾರೆ. ನಿಜವೇ ಆಗಿದ್ದರೆ ಇನ್ನೂ ಕಷ್ಟ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನಿದೆ. ದೂರ ಇರಿ. ಹಾಗೆಯೇ, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅಮೆರಿಕದಲ್ಲಿರುವ ತಮ್ಮನಿಗೆ ಉಡುಗೊರೆ ಎಂದು ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವಂತಿಲ್ಲ.

ಕಷ್ಟ ಬಂದಾಗ ಮಾರಿದ್ರೆ ಹಾಕಿದ ದುಡ್ಡು ಬರುತ್ತಾ?

ಎಲ್ಲದರಲ್ಲೂ ಬರುವುದಿಲ್ಲ. ವ್ಯಾಪಾರಿ 1,000ಕ್ಕೆ ಮಾರಿದ್ದನ್ನು ಮರುದಿನವೇ ಒಯ್ದರೂ 1,000ಕ್ಕೆ ತೆಗೆದುಕೊಳ್ಳುವುದಿಲ್ಲ, ಅವನಿಗೂ ಹೊಟ್ಟೆ ಇದೆ. ಮಗಳ ಪಿಯುಸಿ ಫೀಸಿಗೆ ನಾನು ಐದನೇ ಜಾರ್ಜ್ ರೂಪಾಯಿಗಳ ಸೆಟ್ ಮಾರಬೇಕಾಯಿತು. ಬೆಳ್ಳಿ ಏರಿದ್ದರಿಂದ ಹಾಕಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಂತು, ಡಬ್ಬಿಯ ಒಳ್ಳೆಯ ನಾಣ್ಯಗಳೆಲ್ಲ ಹೋದವು. ನಿಕ್ಕಲ್, ಅಲ್ಯೂಮಿನಿಯಂ ರಾಶಿಯನ್ನು ವ್ಯಾಪಾರಿ ಕಿಲೋ ಲೆಕ್ಕದಲ್ಲಿ ಕೇಳಿದ, ನಾನು ಕೊಡಲಿಲ್ಲ.

ಆ ಸೆಟ್ಟಿನಲ್ಲಿ 1911ರದ್ದೂ ಒಂದಿತ್ತು. ರಾಜನ ಎದೆಯ ಮೇಲಿನ ಸರದಲ್ಲಿ ಕೆತ್ತಿದ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾಗಿ, 1912ರಲ್ಲಿ ಚಿತ್ರ ತಿದ್ದಿದರು. ಅದಕ್ಕೇ ಅದು 'ಹಂದಿ ರೂಪಾಯಿ'. ಮಾರುವ ಹಿಂದಿನ ರಾತ್ರಿ ಮಗಳು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿ, "ಅಪ್ಪ, ಇದು ಆನೆ ಥರಾನೇ ಇದೆ ಕಣಪ್ಪಾ" ಅಂದಳು. ಆಲ್ಬಮ್ಮಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ. ಡಬ್ಬಿಯಲ್ಲಿ ಸದ್ಯಕ್ಕೆ 2,400 ಇದೆ.